ಉದ್ಯೋಗದ ಲೆಕ್ಕ: ನಾನು ಕೇಳುವ ರೀತಿ

ಉದ್ಯೋಗದ ಅಂಕಿ ನಂಬಬಹುದಾ ಅಂತ ಜನ ಕೇಳುತ್ತಾರೆ. ಯಾರನ್ನು ಕೇಳಿದರು, ಹೇಗೆ ಕೇಳಿದರು ಅನ್ನುವುದನ್ನು ಮೊದಲು ನೋಡಿ ಅನ್ನುತ್ತೇನೆ. 2017ರಲ್ಲಿ ಶುರುವಾದ ಪಿಎಲ್‌ಎಫ್‌ಎಸ್, ಅಂದರೆ ಯಾರು ಏನು ದುಡಿಯುತ್ತಾರೆ ಅಂತ ಕೇಂದ್ರ ಸರ್ಕಾರ ನಡೆಸುವ ಸಮೀಕ್ಷೆಗಾಗಿ, ಶಿಡ್ಲಘಟ್ಟದ ಕಡೆ ಮನೆ ಮನೆ ತಿರುಗಿದವಳು ನಾನು.

ಹೆಂಡತಿ ಏನು ಕೆಲಸ ಮಾಡ್ತಾರೆ ಅಂತ ಗಂಡಸರನ್ನು ಕೇಳಿದರೆ "ಅವಳಾ? ಮನೇಲೇ ಇರ್ತಾಳೆ ಮೇಡಂ" ಅನ್ನುತ್ತಾರೆ. ಅದನ್ನೇ ಬರೆದುಕೊಂಡರೆ ಆಕೆಗೆ ಕೋಡ್ 92, ಬರೀ ಮನೆಗೆಲಸ. ದುಡಿಯುವವರ ಲೆಕ್ಕದಿಂದಲೇ ಹೊರಗೆ. ಅದಕ್ಕೇ ಹೆಂಗಸರನ್ನೇ ಕರೆಸಿ ಮಾತಾಡಿಸುತ್ತೇನೆ. "ನಿನ್ನೆ ಎಷ್ಟೊತ್ತಿಗೆ ಎದ್ರಮ್ಮ? ಆಮೇಲೆ?" ಅಂತ ಶುರುಮಾಡಿ, ಒಂದೊಂದೇ ದಿನ ಹಿಂದಕ್ಕೆ ಹೋಗಿ ಏಳು ದಿನ ಮುಗಿಸುತ್ತೇನೆ.

ಒಂದು ಮನೆಯಲ್ಲಿ ರೇಷ್ಮೆ ಹುಳ ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದಿದ್ದವು. ಆ ಹೊತ್ತಿನಲ್ಲಿ ಎಷ್ಟು ಸೊಪ್ಪು ಹಾಕಿದರೂ ಸಾಲದು. ಆಯಮ್ಮ ಬೆಳಕು ಹರಿಯುವ ಮುಂಚೆ ತೋಟಕ್ಕೆ ಹೋಗಿ ಹಿಪ್ಪುನೇರಳೆ ಕೊಯ್ದು, ಹೊತ್ತು ತಂದು, ಹುಳಕ್ಕೆ ಹಾಕಿ, ಹಿಕ್ಕೆ ತೆಗೆದು, ರಾತ್ರಿ ಮತ್ತೆ ಎದ್ದು ಸೊಪ್ಪು ಹಾಕುತ್ತಿದ್ದರು. ನಡುವೆ ಹಸು ಕರೆದು ಡೈರಿಗೆ ಹಾಲು ಹಾಕಿ ಬರಬೇಕು. ಇದು ಕೋಡ್ 21: ಮನೆಯ ಕಸುಬಿನಲ್ಲಿ ಸಂಬಳವಿಲ್ಲದ ದುಡಿಮೆ. ಗಂಡ ಇದರಲ್ಲಿ ಒಂದನ್ನೂ ಹೇಳಿರಲಿಲ್ಲ.

ದುಡಿಮೆಯಲ್ಲಿರುವ ಅಥವಾ ಕೆಲಸ ಹುಡುಕುತ್ತಿರುವ, 15 ತುಂಬಿದ ಹೆಂಗಸರ ಪ್ರಮಾಣ ಇಡೀ ದೇಶದಲ್ಲಿ 2017-18ರಲ್ಲಿ ಶೇ 23.3 ಇತ್ತು. 2023-24ಕ್ಕೆ ಶೇ 41.7 ಆಯಿತು. ಹೊಸದಾಗಿ ದುಡಿಮೆಗೆ ಬಂದವರೂ ಇದರಲ್ಲಿದ್ದಾರೆ, ಮೊದಲಿಂದ ದುಡಿಯುತ್ತಿದ್ದು ಈಗ ಲೆಕ್ಕಕ್ಕೆ ಸಿಕ್ಕವರೂ ಇದ್ದಾರೆ ಅಂತ ನನ್ನ ಅನಿಸಿಕೆ. ಎಷ್ಟು ಜನ ಸಂಬಳಕ್ಕೆ, ಎಷ್ಟು ಜನ 21ರಲ್ಲಿ ಅಂತ ನೋಡದೆ "ಉದ್ಯೋಗ ಜಾಸ್ತಿ ಆಯ್ತು" ಅನ್ನುವುದು ಸರಿಯಲ್ಲ.

ನಿರುದ್ಯೋಗದ ಅಂಕಿಯನ್ನೂ ಹಾಗೇ ನೋಡಬೇಕು. ವಾರದಲ್ಲಿ ಒಂದು ದಿನ, ಒಂದು ಗಂಟೆ ದುಡಿದಿದ್ದರೂ ಆ ವಾರದ ಲೆಕ್ಕದಲ್ಲಿ ಅವರಿಗೆ ಉದ್ಯೋಗ ಇದೆ. ಕೂಲಿಯವರು ಸುಮ್ನೆ ಕೂತರೆ ಒಲೆ ಉರಿಯಲ್ಲ ಅಲ್ವಾ? ಏನೋ ಒಂದು ಹಿಡಿಯುತ್ತಾರೆ. ಬಡ ದೇಶಗಳಲ್ಲಿ ನಿರುದ್ಯೋಗ ಕಡಿಮೆ ಕಾಣುವುದು ಇದಕ್ಕೇ. ಎಷ್ಟು ಗಂಟೆ ದುಡಿದರು, ಎಷ್ಟು ಸಿಕ್ಕಿತು ಅನ್ನುವ ಕಾಲಂಗಳನ್ನು ನಾನು ಅವಸರದಲ್ಲಿ ತುಂಬುವುದೇ ಇಲ್ಲ.

2025ರ ಜನವರಿಯಿಂದ ಹಳ್ಳಿಯಲ್ಲೂ ಒಂದೇ ಮನೆಗೆ ಸತತ 4 ತಿಂಗಳು ಹೋಗುವ ಪದ್ಧತಿ ಬಂದಿದೆ. ಒಳ್ಳೇದಾಯ್ತು. ಗೂಡು ಮಾರಿ ಹುಳದ ಮನೆ ಖಾಲಿ ಬಿದ್ದ ವಾರವೂ ದಾಖಲಾಗುತ್ತದೆ. ಹೋದ ತಿಂಗಳ ಉತ್ತರ ನೋಡಿಕೊಂಡು ತುಂಬಬೇಡಿ ಅಂತ ಹೊಸಬರಿಗೆ ಹೇಳುತ್ತಿರುತ್ತೇನೆ. ಆಗ ಸೊಪ್ಪು ಕೊಯ್ಯುತ್ತಿದ್ದವರು ಈಗ ಪಕ್ಕದವರ ತೋಟಕ್ಕೆ ಟೊಮೆಟೊ ಬಿಡಿಸಲು ಕೂಲಿಗೆ ಹೋಗಿರಬಹುದು. ಹಾಗಿದ್ದರೆ ಈಗ ಅವರದು ಕೂಲಿಯ ಕೋಡ್ 51.