ಬ್ರಿಸ್ಟಲ್ ಏರ್‌ಪೋರ್ಟ್‌ಗೆ ಒಳ್ಳೆಯ ಬಸ್ಸು, ಒಳ್ಳೆಯ ರಸ್ತೆ: ಯಾರನ್ನು ಕೇಳಬೇಕು, ಯಾವಾಗ ಕೇಳಬೇಕು

ಬೆಂಗಳೂರಿನಿಂದ ಆಮ್‌ಸ್ಟರ್‌ಡ್ಯಾಮ್ ಮೂಲಕ ಅಪ್ಪ ಅಮ್ಮ ಬ್ರಿಸ್ಟಲ್‌ಗೆ ಬಂದಿಳಿಯುತ್ತಾರೆ. ಒಬ್ಬೊಬ್ಬರ ಕೈಯಲ್ಲೂ 23 ಕಿಲೋದ ಸೂಟ್‌ಕೇಸು, ಹೊರಗೆ ಸಣ್ಣ ಮಳೆ. ರೈಲು ಎಲ್ಲಿ ಎಂದು ಕೇಳಿದರೆ ಇಲ್ಲಿ ರೈಲೇ ಇಲ್ಲ. ನಗರದ ನೈಋತ್ಯಕ್ಕೆ ಸುಮಾರು 13 ಕಿ.ಮೀ. ದೂರದ ಲಲ್ಸ್‌ಗೇಟ್ ಬಾಟಮ್ ಎಂಬಲ್ಲಿ ಈ ನಿಲ್ದಾಣವಿದೆ. ಹೆಸರಿನಲ್ಲಿ ‘ಬಾಟಮ್’ ಇದ್ದರೂ ಜಾಗ ಮಾತ್ರ ಗುಡ್ಡದ ಮೇಲೆ. ಅಲ್ಲಿಗೆ ಹೋಗುವ ಮುಖ್ಯ ದಾರಿ ಒಂದೇ, ಎ38. ಅದರಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಬಸ್ಸು, ಟ್ಯಾಕ್ಸಿ, ಬಿಡಲು ಬಂದ ಕಾರು ಎಲ್ಲವೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ.

ಇದನ್ನು ಸರಿಪಡಿಸಿ ಎಂದು ‘ಸರ್ಕಾರ’ಕ್ಕೆ ಬರೆಯುವುದು ನಮ್ಮವರ ಮೊದಲ ಯೋಚನೆ. ಬರೆದ ಪತ್ರಕ್ಕೆ ವಿನಯದ ಉತ್ತರವೂ ಬರುತ್ತದೆ, ಆದರೆ ಏನೂ ಆಗುವುದಿಲ್ಲ. ಕಾರಣ, ಇಂಗ್ಲೆಂಡಿನಲ್ಲಿ ಈ ದಾರಿ ನಾಲ್ಕೈದು ಜನರ ಕೈಯಲ್ಲಿ ಹಂಚಿಹೋಗಿದೆ.

ಮೊದಲು ರಸ್ತೆ. ಎಂ5ನಂಥ ಮೋಟರ್‌ವೇಗಳು ನ್ಯಾಷನಲ್ ಹೈವೇಸ್ ಎಂಬ ಸರ್ಕಾರಿ ಸಂಸ್ಥೆಗೆ ಸೇರಿವೆ. ಎ38 ಹಾಗಲ್ಲ. ಏರ್‌ಪೋರ್ಟ್ ಎದುರಿನ ಭಾಗ ಅಲ್ಲಿನ ಸ್ಥಳೀಯ ಆಡಳಿತವಾದ ನಾರ್ತ್ ಸಾಮರ್‌ಸೆಟ್ ಕೌನ್ಸಿಲ್‌ನದು, ನಗರದೊಳಗಿನ ಭಾಗ ಬ್ರಿಸ್ಟಲ್ ಸಿಟಿ ಕೌನ್ಸಿಲ್‌ನದು. ಟರ್ಮಿನಲ್ ಸುತ್ತಲಿನ ರಸ್ತೆ ಖಾಸಗಿ ಕಂಪನಿಯದು, ಆದ್ದರಿಂದಲೇ ಕಾರಿನಿಂದ ಇಳಿಸಿ ಹೋಗುವುದಕ್ಕೂ ಅಲ್ಲಿ ದುಡ್ಡು. ಏರ್‌ಪೋರ್ಟ್ ನಾರ್ತ್ ಸಾಮರ್‌ಸೆಟ್‌ನಲ್ಲಿದೆ, ಪ್ರಯಾಣಿಕರು ಹೆಚ್ಚಾಗಿ ಆಚೆಯಿಂದ ಬರುತ್ತಾರೆ. 2017ರಲ್ಲಿ ಸುತ್ತಲಿನ ಕೌನ್ಸಿಲ್‌ಗಳ ಸಾರಿಗೆಯನ್ನು ಒಟ್ಟಿಗೆ ನೋಡಿಕೊಳ್ಳುವ ವೆಸ್ಟ್ ಆಫ್ ಇಂಗ್ಲೆಂಡ್ ಕಂಬೈನ್ಡ್ ಅಥಾರಿಟಿ ಹುಟ್ಟಿದಾಗ ಬ್ರಿಸ್ಟಲ್, ಬಾತ್, ಸೌತ್ ಗ್ಲಾಸ್ಟರ್‌ಶೈರ್ ಒಳಗೆ ಬಂದವು, ನಾರ್ತ್ ಸಾಮರ್‌ಸೆಟ್ ಹೊರಗುಳಿಯಿತು. ಅದೇ ವರ್ಷದ ಜನವರಿಯಲ್ಲಿ ತೆರೆದ ಸೌತ್ ಬ್ರಿಸ್ಟಲ್ ಲಿಂಕ್ ರಸ್ತೆ ಎ370 ಮತ್ತು ಎ38ನ್ನು ಜೋಡಿಸಿ ನಗರದ ಗಂಟನ್ನು ಸ್ವಲ್ಪ ಸಡಿಲಿಸಿತು. ಅದನ್ನು ದಾಟಿ ಗುಡ್ಡ ಹತ್ತುವ ತುಂಡು ಮಾತ್ರ ಆಮೇಲೂ ಇಕ್ಕಟ್ಟಾಗಿಯೇ ಉಳಿಯಿತು.

ಇನ್ನು ಬಸ್ಸು. ಬೆಂಗಳೂರಿನ ವಾಯು ವಜ್ರದ ಹಿಂದೆ ಬಿಎಂಟಿಸಿ ಇದೆ, ಹೊಸ ಮಾರ್ಗ ಬೇಕಾದರೆ ಯಾರ ಬಾಗಿಲು ತಟ್ಟಬೇಕೆಂದು ಗೊತ್ತು. ಲಂಡನ್ ಬಿಟ್ಟು ಉಳಿದ ಇಂಗ್ಲೆಂಡಿನ ಬಹುಪಾಲು ಕಡೆ 1986ರ ಅಕ್ಟೋಬರ್ 26ರಿಂದ ಬಸ್ಸು ಮುಕ್ತ ವ್ಯಾಪಾರ. ಲಾಭ ಬರುವ ಮಾರ್ಗವನ್ನು ಕಂಪನಿಯೇ ಆರಿಸಿಕೊಂಡು ಓಡಿಸುತ್ತದೆ. ಲಾಭವಿಲ್ಲದ್ದು ಬೇಕೆಂದರೆ ಕೌನ್ಸಿಲ್ ಟೆಂಡರ್ ಕರೆದು ಹಣ ಕೊಡಬೇಕು. ಮಾರ್ಗವನ್ನೋ ವೇಳೆಯನ್ನೋ ಬದಲಿಸಲು ಕಂಪನಿ ಬಸ್ ಪರವಾನಗಿ ನೋಡಿಕೊಳ್ಳುವ ಟ್ರಾಫಿಕ್ ಕಮಿಷನರ್ ಬಳಿ ನೋಂದಾಯಿಸಬೇಕು: ಮೊದಲು ಕೌನ್ಸಿಲ್‌ಗೆ 28 ದಿನದ ಸೂಚನೆ, ಆಮೇಲೆ ಕಮಿಷನರ್‌ಗೆ 42 ದಿನ. ಒಟ್ಟು 70 ದಿನ. ಹೀಗಾಗಿ ‘ಮುಂದಿನ ತಿಂಗಳಿಂದ ಬಸ್ಸು ಹೆಚ್ಚಿಸಿ’ ಎಂಬ ಅರ್ಜಿಗೆ ಅರ್ಥವಿಲ್ಲ. ‘ಇದು ವಾಣಿಜ್ಯ ಸೇವೆ, ನಮ್ಮ ಕೈಯಲ್ಲಿಲ್ಲ’ ಎಂದು ಕೌನ್ಸಿಲ್ ಉತ್ತರಿಸಿದರೆ ಅದು ಜಾರಿಕೊಳ್ಳುವ ಮಾತಲ್ಲ, ನಿಜ. ನಗರದ ಬಸ್ ನಿಲ್ದಾಣ ಮತ್ತು ಟೆಂಪಲ್ ಮೀಡ್ಸ್ ರೈಲು ನಿಲ್ದಾಣದಿಂದ ಎ1, ವೆಸ್ಟನ್‌ನಿಂದ ಎ3, ಬಾತ್‌ನಿಂದ ಎ4, ಪ್ಲಿಮತ್-ಎಕ್ಸಿಟರ್ ಕಡೆಯಿಂದ ಫಾಲ್ಕನ್ ಬಸ್ಸು ಏರ್‌ಪೋರ್ಟ್ ಮುಟ್ಟುತ್ತವೆ. ಈ ಸಾಲುಗಳ ನಡುವಿನ ಹಳ್ಳಿಗಳಲ್ಲಿ ಇರುವವರಿಗೆ ಕಾರೇ ಗತಿ.

ಹಾಗಾದರೆ ಒತ್ತಡ ಹಾಕಲು ಹಿಡಿ ಎಲ್ಲಿದೆ? ಪ್ಲಾನಿಂಗ್ ಅನುಮತಿಯಲ್ಲಿ, ಅಂದರೆ ಕಟ್ಟಲು, ವಿಸ್ತರಿಸಲು ಕೌನ್ಸಿಲ್ ಕೊಡುವ ಒಪ್ಪಿಗೆಯಲ್ಲಿ. ಬ್ರಿಸ್ಟಲ್ ಏರ್‌ಪೋರ್ಟ್‌ಗೆ ವರ್ಷಕ್ಕೆ 1 ಕೋಟಿ ಪ್ರಯಾಣಿಕರ ಮಿತಿ ಇತ್ತು. ಅದನ್ನು 1.2 ಕೋಟಿಗೆ ಏರಿಸಲು 2018ರಲ್ಲಿ ಅರ್ಜಿ ಹಾಕಿದರು. ಅಧಿಕಾರಿಗಳು ಒಪ್ಪಿಗೆಗೆ ಶಿಫಾರಸು ಮಾಡಿದರು, ಕೌನ್ಸಿಲರ್‌ಗಳು 2020ರ ಫೆಬ್ರುವರಿಯಲ್ಲಿ ತಿರಸ್ಕರಿಸಿದರು. ಕೊಟ್ಟ ಕಾರಣಗಳಲ್ಲೊಂದು, ಕಾರಿನ ಅವಲಂಬನೆ ತಗ್ಗಿಸುವಷ್ಟು ಸಾರ್ವಜನಿಕ ಸಾರಿಗೆ ಇಲ್ಲ ಎಂಬುದು. ಏರ್‌ಪೋರ್ಟ್ ಮೇಲ್ಮನವಿ ಹೋಯಿತು. 2021ರ ಜುಲೈಯಿಂದ ಮೇಲ್ಮನವಿ ಕೇಳುವ ಮೂವರು ಪ್ಲಾನಿಂಗ್ ಇನ್‌ಸ್ಪೆಕ್ಟರ್‌ಗಳ ಮುಂದೆ ಬಹಿರಂಗ ವಿಚಾರಣೆ ನಡೆದು, 2022ರ ಫೆಬ್ರುವರಿ 2ರಂದು ಷರತ್ತುಗಳೊಂದಿಗೆ ಅನುಮತಿ ಸಿಕ್ಕಿತು. ಹೈಕೋರ್ಟಿನಲ್ಲಿ ಪ್ರಶ್ನಿಸಿದವರು 2023ರ ಜನವರಿಯಲ್ಲಿ ಸೋತರು. ವಿರೋಧಿಸಿದವರು ಸೋತರೆಂದು ಇಲ್ಲಿಗೆ ಮಡಚಿಡಬೇಡಿ. ಈ ದೇಶದಲ್ಲಿ ಏರ್‌ಪೋರ್ಟ್ ಜೇಬಿನಿಂದ ರಸ್ತೆಗೂ ಬಸ್ಸಿಗೂ ಹಣ ಹೊರಡುವುದು ಹೆಚ್ಚಾಗಿ ಇಂಥ ಷರತ್ತುಗಳ ಮೂಲಕ.

ಷರತ್ತುಗಳ ಹೆಸರು ಗೊತ್ತಿದ್ದರೆ ಕಡತ ಓದುವುದು ಸುಲಭ. ‘ಸೆಕ್ಷನ್ 106’ ಎಂದರೆ 1990ರ ಟೌನ್ ಅಂಡ್ ಕಂಟ್ರಿ ಪ್ಲಾನಿಂಗ್ ಕಾಯ್ದೆಯಡಿ ಆಗುವ ಒಪ್ಪಂದ. ಬಸ್ಸಿನ ಸಹಾಯಧನ, ಸೈಕಲ್ ದಾರಿ, ಪ್ರಯಾಣ ಸಮೀಕ್ಷೆ ಇದರಡಿ ಬರುತ್ತವೆ. ‘ಸೆಕ್ಷನ್ 278’ 1980ರ ಹೈವೇಸ್ ಕಾಯ್ದೆಯದು. ಸಾರ್ವಜನಿಕ ರಸ್ತೆಯನ್ನು ಅಗಲಿಸುವ, ಜಂಕ್ಷನ್ ತಿದ್ದುವ ಖರ್ಚನ್ನು ಕಟ್ಟಡ ಕಟ್ಟಿಸುವವನೇ ಹೊರುವ ವ್ಯವಸ್ಥೆ ಅದು. ಇನ್ನೊಂದು ‘ಗ್ರ್ಯಾಂಪಿಯನ್ ಷರತ್ತು’, ಸ್ಕಾಟ್ಲೆಂಡಿನ ಒಂದು ಮೊಕದ್ದಮೆಯಿಂದ ಬಂದ ಹೆಸರು. ರಸ್ತೆ ಮುಗಿಯುವ ತನಕ ಕಟ್ಟಡ ಬಳಸಕೂಡದು, ಅಥವಾ ಪ್ರಯಾಣಿಕರ ಸಂಖ್ಯೆ ಇಷ್ಟನ್ನು ದಾಟಕೂಡದು ಎನ್ನುತ್ತದೆ. ನಮ್ಮ ಎಣಿಕೆಯಲ್ಲಿ ಎಲ್ಲಕ್ಕಿಂತ ಗಟ್ಟಿ ಇದೇ. ‘ಪ್ರಯತ್ನಿಸಲಾಗುವುದು’ ಎಂಬ ಒಕ್ಕಣೆಯ ಹತ್ತು ಭರವಸೆಗಳಿಗಿಂತ ಇಂಥ ಒಂದು ವಾಕ್ಯ ಮೇಲು.

ಮುಂದಿನ ಅರ್ಜಿ ಬಂದಾಗ ನೀವೂ ಬರೆಯಬಹುದು. ಪೌರತ್ವ ಬೇಡ, ಮನೆ ಸ್ವಂತದ್ದಾಗಬೇಕಿಲ್ಲ, ವೀಸಾ ಯಾವುದೆಂದು ಯಾರೂ ಕೇಳುವುದಿಲ್ಲ. ಕೌನ್ಸಿಲ್‌ನ ಪ್ಲಾನಿಂಗ್ ಜಾಲತಾಣದಲ್ಲಿ ಅರ್ಜಿಯ ಸಂಖ್ಯೆ ಹಾಕಿ ತೆರೆಯಿರಿ. ಸಾಮಾನ್ಯ ಅರ್ಜಿಗೆ 21 ದಿನ, ಪರಿಸರ ವರದಿ ಇರುವ ದೊಡ್ಡ ಅರ್ಜಿಗೆ 30 ದಿನ ಕಾಲಾವಕಾಶ. ನೀವು ಬರೆದದ್ದು ಹೆಸರು, ವಿಳಾಸ ಸಮೇತ ಎಲ್ಲರಿಗೂ ಕಾಣುತ್ತದೆ ಎಂಬುದು ನೆನಪಿರಲಿ.

ಎಡವುವುದು ಇಲ್ಲೇ. ‘ನಮ್ಮ ಮನೆ ಬೆಲೆ ಬೀಳುತ್ತದೆ’, ‘ಕಂಪನಿಯವರು ದುರಾಸೆಯವರು’ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಸಂಚಾರ ದಟ್ಟಣೆ, ರಸ್ತೆ ಸುರಕ್ಷತೆ, ಶಬ್ದ, ಬಸ್ಸಿನ ಲಭ್ಯತೆ ಬರುತ್ತವೆ. ಒಂದೇ ಪತ್ರವನ್ನು ವಾಟ್ಸಾಪ್ ಗುಂಪಿನಲ್ಲಿ ಹಂಚಿ 200 ಜನ ಕಳಿಸಿದರೆ ಅಧಿಕಾರಿ ಅದನ್ನು ಒಂದೇ ಅಂಶವಾಗಿ ಬರೆದುಕೊಳ್ಳುತ್ತಾರೆ. ಅದರ ಬದಲು ಐದು ಜನ ತಮ್ಮ ತಮ್ಮ ಲೆಕ್ಕ ಕೊಡಲಿ. ಬೆಳಗಿನ 6ರ ವಿಮಾನಕ್ಕೆ 4ಕ್ಕೇ ಅಲ್ಲಿರಬೇಕು, ನಮ್ಮ ಊರಿಂದ ಮೊದಲ ಬಸ್ಸು ಎಷ್ಟಕ್ಕೆ, ಎಲ್ಲಿ ಬದಲಿಸಬೇಕು, ಆ ತಂಗುದಾಣದಲ್ಲಿ ಎಷ್ಟು ನಿಮಿಷ ಕಾಯಬೇಕು, ಅಲ್ಲಿ ಸೂರಿದೆಯೇ, ಬಸ್ಸಿನ ಸಾಮಾನು ಕಟ್ಟೆಯಲ್ಲಿ ಎಷ್ಟು ದೊಡ್ಡ ಸೂಟ್‌ಕೇಸು ಹಿಡಿಯುತ್ತವೆ. ಕೊನೆಯ ಸಾಲು ಬೇಡಿಕೆಯಾಗಿರಲಿ: ಇಂಥ ಮಾರ್ಗಕ್ಕೆ ಇಂಥ ವೇಳೆಯಲ್ಲಿ ಗಂಟೆಗೆ ಇಷ್ಟು ಬಸ್ಸು, ಇಷ್ಟು ವರ್ಷ, ಸೆಕ್ಷನ್ 106ರಡಿ. ಬೇಡಿಕೆಗೆ ಮೂರು ಅಳತೆಗೋಲಿವೆ. ಯೋಜನೆಗೆ ಅದು ಅಗತ್ಯವಾಗಿರಬೇಕು, ನೇರ ಸಂಬಂಧ ಇರಬೇಕು, ಗಾತ್ರಕ್ಕೆ ತಕ್ಕುದಾಗಿರಬೇಕು. ನಿಮ್ಮ ಬೀದಿಯ ಗುಂಡಿ ಮುಚ್ಚಿಸಿ ಎಂದರೆ ಎರಡನೆಯದರಲ್ಲೇ ಬಿದ್ದುಹೋಗುತ್ತದೆ. ಕಮಿಟಿ ಸಭೆಯಲ್ಲಿ ಮಾತನಾಡಲೂಬಹುದು, ಮುಂಚೆ ಹೆಸರು ಕೊಟ್ಟಿರಬೇಕು, ಸಿಗುವುದು ಸಾಮಾನ್ಯವಾಗಿ 3 ನಿಮಿಷ.

ಇನ್ನೊಂದು ವಿಷಯ ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದರೂ ಕಾಮನ್‌ವೆಲ್ತ್ ಪ್ರಜೆಯಾಗಿ, ಇಲ್ಲಿ ವಾಸಕ್ಕೆ ಅನುಮತಿ ಇದ್ದರೆ, ಮತದಾರರ ಪಟ್ಟಿಗೆ ಸೇರಬಹುದು. ವಾರ್ಡಿನ ಕೌನ್ಸಿಲರ್‌ಗೆ ನೀವು ಮತದಾರರೇ, ಹಾಗೆಂದು ಮೇಲ್‌ನಲ್ಲಿ ಕಾಣಿಸಿ.

ಅನುಮತಿ ಸಿಕ್ಕ ಮೇಲೆ ಎಲ್ಲರೂ ಮರೆಯುತ್ತಾರೆ, ನಿಜವಾದ ಕೆಲಸ ಶುರುವಾಗುವುದು ಆಗ. ಹೊಸ ಬಸ್ ಲೇನ್ ಅಥವಾ ವೇಗಮಿತಿಗೆ ಬೇರೆಯದೇ ಟ್ರಾಫಿಕ್ ಆದೇಶ ಬೇಕು, ಅದಕ್ಕೂ 21 ದಿನದ ಆಕ್ಷೇಪಣೆ ಅವಧಿ ಇದೆ. ಪಾರ್ಕಿಂಗ್ ಹೋಗುತ್ತದೆಂದು ಆಕ್ಷೇಪಿಸುವವರು ತಪ್ಪದೆ ಬರೆಯುತ್ತಾರೆ, ಬಸ್ಸು ಬೇಕೆನ್ನುವವರು ಬರೆಯುವುದಿಲ್ಲ. ಬಸ್ ಲೇನ್ ಯೋಜನೆ ಬಿದ್ದುಹೋಗುವುದು ಅಲ್ಲೇ.

ರೈಲಿನ ಆಸೆಯನ್ನು ಸದ್ಯ ಬದಿಗಿಡಿ. ನ್ಯೂಕಾಸಲ್‌ಗೆ 1991ರಲ್ಲಿ ಮೆಟ್ರೋ, ಮ್ಯಾಂಚೆಸ್ಟರ್‌ಗೆ 1993ರಲ್ಲಿ ರೈಲು ಬಂದದ್ದು ಹತ್ತಿರದಲ್ಲೇ ಹಳಿ ಇದ್ದುದರಿಂದ. ಗ್ಲಾಸ್ಗೋದಲ್ಲಿ ಕಾಯ್ದೆ ಪಾಸಾದ ಯೋಜನೆಯನ್ನೇ 2009ರಲ್ಲಿ ಖರ್ಚಿನ ಕಾರಣಕ್ಕೆ ಕೈಬಿಟ್ಟರು.

ದಿನಬಳಕೆಗೆ ಒಂದೆರಡು ಮಾತು. ಇಂಗ್ಲೆಂಡಿನಲ್ಲಿ 2025ರ ಜನವರಿಯಿಂದ ಒಂದು ಬಸ್ ಪ್ರಯಾಣಕ್ಕೆ ಗರಿಷ್ಠ 3 ಪೌಂಡ್ ಎಂಬ ನಿಯಮವಿದೆ, ಆದರೆ ಎಲ್ಲ ಕಂಪನಿ, ಎಲ್ಲ ಮಾರ್ಗ ಅದರಲ್ಲಿಲ್ಲ. ಏರ್‌ಪೋರ್ಟ್ ಬಸ್ಸು ಹತ್ತುವ ಮುಂಚೆ ದರ ನೋಡಿಕೊಳ್ಳಿ. ಹಿರಿಯರ ಉಚಿತ ಪಾಸು ಇಲ್ಲೇ ಮನೆ ಮಾಡಿಕೊಂಡವರಿಗೆ, ವಿಸಿಟರ್ ವೀಸಾದ ಅಪ್ಪ ಅಮ್ಮನಿಗೆ ಸಿಗುವುದಿಲ್ಲ. ವಾರದ ದಿನಗಳಲ್ಲಿ ಬೆಳಗ್ಗೆ 9.30ಕ್ಕೆ ಮುಂಚೆ ಪಾಸಿದ್ದವರಿಗೂ ಅದು ನಡೆಯುವ ಖಾತ್ರಿಯಿಲ್ಲ. ದೇಶದ ಕೆಲವು ಏರ್‌ಪೋರ್ಟ್‌ಗಳ ಇಳಿಸುವ ಜಾಗದಲ್ಲಿ ಗೇಟೂ ಇಲ್ಲ, ಗಲ್ಲಾವೂ ಇಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ, ಮರುದಿನ ಮಧ್ಯರಾತ್ರಿಯೊಳಗೆ ಆನ್‌ಲೈನ್‌ನಲ್ಲಿ ಕಟ್ಟದಿದ್ದರೆ ದಂಡ. ಬಾಡಿಗೆ ಕಾರಾದರೆ ಬಾಡಿಗೆ ಕಂಪನಿಯ ಶುಲ್ಕವೂ ಸೇರುತ್ತದೆ. ನಿಮ್ಮ ಕಾರನ್ನು ಟರ್ಮಿನಲ್ ಬಳಿಯೇ ಪಡೆದು ಸುತ್ತಲಿನ ಹೊಲಗಳಲ್ಲಿ ಅನುಮತಿಯಿಲ್ಲದೆ ನಿಲ್ಲಿಸುವ ಅಗ್ಗದ ‘ಮೀಟ್ ಅಂಡ್ ಗ್ರೀಟ್’ ಸೇವೆಗಳಿವೆ; ಅಂಥ ಜಾಹೀರಾತು ಕಂಡರೆ ಸುರಕ್ಷಿತ ಪಾರ್ಕಿಂಗ್‌ಗೆ ಕೊಡುವ ‘ಪಾರ್ಕ್ ಮಾರ್ಕ್’ ಗುರುತಿದೆಯೇ ನೋಡಿ.

ಭರವಸೆ ಕೊಟ್ಟ ಹಣ ಖರ್ಚಾಗಿದೆಯೇ ಎಂದು ತಿಳಿಯಲು ನಮ್ಮ ಆರ್‌ಟಿಐ ಥರದ ಕಾಯ್ದೆ ಇಲ್ಲೂ ಇದೆ, 2000ದ ಫ್ರೀಡಮ್ ಆಫ್ ಇನ್ಫರ್ಮೇಶನ್ ಕಾಯ್ದೆ. ಖಾಸಗಿ ಏರ್‌ಪೋರ್ಟ್‌ಗೆ ಅದು ಅನ್ವಯಿಸುವುದಿಲ್ಲ, ಕೌನ್ಸಿಲ್‌ಗೆ ಅನ್ವಯಿಸುತ್ತದೆ. ಅರ್ಜಿಗೆ ಶುಲ್ಕವಿಲ್ಲ, ಒಂದು ಮೇಲ್ ಸಾಕು. ‘ಈ ಸಂಖ್ಯೆಯ ಅನುಮತಿಗೆ ಸೇರಿದ ಸೆಕ್ಷನ್ 106ರಲ್ಲಿ ಸಾರಿಗೆಗೆಂದು ಬಂದ ಮೊತ್ತ, ದಿನಾಂಕ, ಖರ್ಚು, ಉಳಿಕೆ’ ಎಂದು ನಾಲ್ಕೇ ಕೇಳಿ. 20 ಕೆಲಸದ ದಿನಗಳಲ್ಲಿ ಉತ್ತರ ಬರಬೇಕು. ಉಳಿಕೆಯ ಅಂಕಣ ಮೊದಲು ನೋಡಿ. ಒಪ್ಪಂದದಲ್ಲಿ ಬರೆದ ಅವಧಿಯೊಳಗೆ ಖರ್ಚಾಗದ ಹಣವನ್ನು ಏರ್‌ಪೋರ್ಟ್ ವಾಪಸ್ ಕೇಳುವ ಅವಕಾಶ ಇಂಥ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಇರುತ್ತದೆ.