ಸಿಂಡರೆಲ್ಲಾ ನೇರಪ್ರಸಾರ: ಹಾಡಿನ ಎಣಿಕೆಗೆ ಕ್ಯಾಮೆರಾ ಕಟ್ಟಿದ ನನ್ನ ಅನುಭವ

ಸಿಂಡರೆಲ್ಲಾ ಕಥೆಯನ್ನು ಸಂಗೀತ ನಾಟಕವಾಗಿ ಟಿವಿಗೆ ನೇರವಾಗಿ ಕೊಡುವ ಕೆಲಸ ನನ್ನ ಪಾಲಿಗೆ ಬಂದಾಗ ಮೊಟ್ಟಮೊದಲು ಒಂದು ಸಂಗತಿ ತೀರ್ಮಾನಿಸಿಕೊಂಡೆ: ಚಿಂದಿ ಉಟ್ಟ ಹುಡುಗಿಯ ಮೈಮೇಲೆ ರಾಜಭವನದ ಉಡುಗೆ ಅರಳುವ ಗಳಿಗೆಯಲ್ಲಿ ಶಾಟ್ ಕತ್ತರಿಸುವುದಿಲ್ಲ. ಸಿನಿಮಾದಲ್ಲಿ ಏನು ಬೇಕಾದರೂ ಮಾಡಬಹುದು ಎಂದು ಇವತ್ತಿನ ಐದು ವರ್ಷದ ಮಗುವಿಗೂ ಗೊತ್ತು. ಈಗಲೇ, ಕಣ್ಣೆದುರೇ ನಡೆಯುತ್ತಿದೆ ಎಂಬುದಷ್ಟೇ ನೇರಪ್ರಸಾರದ ಬಂಡವಾಳ. ಅದನ್ನು ಕಥೆಯ ಅತಿ ಮುಖ್ಯ ಜಾಗದಲ್ಲೇ ಬಿಟ್ಟುಕೊಟ್ಟರೆ ಮುದ್ರಿಸಿ ತೋರಿಸುವುದೇ ವಾಸಿ.

ಕಥೆಯ ಯಾವ ರೂಪ ಹಿಡಿಯಬೇಕೆಂಬುದನ್ನೂ ಇದೇ ನಿರ್ಧರಿಸಿತು. ಗ್ರಿಮ್ ಸೋದರರ ಕಥೆಯಲ್ಲಿ ಕಿನ್ನರಿಯೇ ಇಲ್ಲ. ತಾಯಿಯ ಸಮಾಧಿಯ ಬಳಿ ಬೆಳೆದ ಮರದಿಂದ ಹಕ್ಕಿ ಉಡುಗೆಯನ್ನು ಕೆಳಗೆ ಹಾಕುತ್ತದೆ. ಕುಂಬಳಕಾಯಿಯ ಸಾರೋಟು, ಗಾಜಿನ ಚಪ್ಪಲಿ, ಹನ್ನೆರಡು ಗಂಟೆಯ ಗಡುವು ಇವೆಲ್ಲ 1697ರಲ್ಲಿ ಷಾರ್ಲ್ ಪೆರೋ ಫ್ರೆಂಚಿನಲ್ಲಿ ಬರೆದ ರೂಪದಲ್ಲಿವೆ. ರೂಪಾಂತರವೂ ಗಡಿಯಾರವೂ ಎರಡೂ ಅಲ್ಲಿವೆ. ಹಾಡಿಗೆ ಇನ್ನೇನು ಬೇಕು?

ಈ ಕಥೆಗೆ ನೇರಪ್ರಸಾರದ ದೊಡ್ಡ ಪರಂಪರೆಯೇ ಇದೆ. 1957ರ ಮಾರ್ಚ್ 31ರಂದು ಅಮೆರಿಕದ ಸಿಬಿಎಸ್ ಚಾನೆಲ್ ನ್ಯೂಯಾರ್ಕಿನ ಸ್ಟುಡಿಯೋದಿಂದ ಇದನ್ನು ಬಣ್ಣದಲ್ಲಿ ನೇರವಾಗಿ ಪ್ರಸಾರ ಮಾಡಿತು. ರಾಜರ್ಸ್ ಮತ್ತು ಹ್ಯಾಮರ್‌ಸ್ಟೈನ್ ಜೋಡಿ ಟಿವಿಗೆಂದೇ ಬರೆದ ಕೃತಿ, ನಾಯಕಿ ಜೂಲಿ ಆಂಡ್ರೂಸ್, ನೋಡಿದವರು ಹತ್ತು ಕೋಟಿಗೂ ಹೆಚ್ಚು. ಇವತ್ತು ಉಳಿದಿರುವುದು ಮಾನಿಟರ್ ಪರದೆಯಿಂದ ಫಿಲ್ಮಿಗೆ ಇಳಿಸಿಕೊಂಡ ಕಪ್ಪು-ಬಿಳುಪು ಪ್ರತಿ. ಅದನ್ನು ನೋಡುವಾಗ ನನಗೆ ಆಸಕ್ತಿ ಹುಟ್ಟಿಸಿದ್ದು ಅಲ್ಲಿ ಕಾಣದೇ ಇರುವ ವಾದ್ಯವೃಂದ. ಅವರನ್ನು ಬೇರೆಯೇ ಕೋಣೆಯಲ್ಲಿ ಕೂರಿಸಿದ್ದರು. ಅರವತ್ತು ವರ್ಷ ಕಳೆದ ಮೇಲೂ ನಾವು ಮಾಡಿದ್ದು ಅದನ್ನೇ, ಏಕೆಂದರೆ ಡ್ರಮ್ಮು, ತುತ್ತೂರಿಗಳು ಸೆಟ್ಟಿನಲ್ಲೇ ಇದ್ದರೆ ಪಾತ್ರಧಾರಿಗಳ ಮೈಕಿಗೆಲ್ಲ ಅವೇ ತುಂಬಿಕೊಳ್ಳುತ್ತವೆ.

ಆದರೆ ಬೇರೆ ಕೋಣೆ ಎಂದ ಕೂಡಲೇ ತಾಳದ ತಕರಾರು ಶುರು. ಹಾಡುವವರಿಗೆ ಸಂಗೀತ ನಿರ್ದೇಶಕರ ಕೈ ಕಾಣಬೇಕು, ಅದಕ್ಕೆ ಸೆಟ್ಟಿನ ಮೂಲೆಮೂಲೆಗೂ ಮಾನಿಟರ್ ಇಡುತ್ತೇವೆ. ಈಗಿನ ಚಪ್ಪಟೆ ಪರದೆಗಳು ಚಿತ್ರವನ್ನು ಒಳಗೇ ಸಂಸ್ಕರಿಸಿ ತಡವಾಗಿ ತೋರಿಸುತ್ತವೆ. ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್. ಮೂರು ಫ್ರೇಮ್ ತಡವಾದರೆ 120. ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ಒಂದು ಬಡಿತಕ್ಕೆ ಸಿಗುವುದೇ 500. ಅಂದರೆ ನಾಯಕಿ ಕೈ ನೋಡಿ ಹಾಡಿದರೆ ಹತ್ತಿರಹತ್ತಿರ ಕಾಲು ಬಡಿತ ಹಿಂದೆ. ಸಂಗೀತ ನಾಟಕದವರು ಹಳೆಯ ಡಬ್ಬದಂಥ ಪಿಕ್ಚರ್ ಟ್ಯೂಬ್ ಟಿವಿಗಳನ್ನು ಬಹುಕಾಲ ಜೋಪಾನ ಮಾಡಿದ್ದು ಇದಕ್ಕೇ. ನಾವೂ ಅಂಥವನ್ನು ಹುಡುಕಿ ತಂದು, ಮಧ್ಯೆ ಯಾವ ಡಿಜಿಟಲ್ ಪೆಟ್ಟಿಗೆಯೂ ಇಲ್ಲದಂತೆ ಕ್ಯಾಮೆರಾದಿಂದ ನೇರ ತಂತಿ ಎಳೆದೆವು. ಇಂಥ ಕೆಲಸಕ್ಕೆ ಕೈಹಾಕುವವರು ಉಳಿದೆಲ್ಲಕ್ಕಿಂತ ಮೊದಲು ಈ ತಡವನ್ನು ಅಳೆದುಕೊಳ್ಳಿ.

ಕುಣಿತದ ಹಾಡುಗಳಿಗೆ ಕಿವಿಯಲ್ಲಿ ಕ್ಲಿಕ್, ಅಂದರೆ ಬಡಿತ ತಿಳಿಸುವ ಟಿಕ್‌ಟಿಕ್ ಸದ್ದು, ಕೊಟ್ಟೆವು. ಒಲೆಯ ಬೂದಿಯ ಪಕ್ಕ ಕೂತು ಅವಳೊಬ್ಬಳೇ ಹಾಡುವ ಹಾಡಿಗೆ ಕೊಡಲಿಲ್ಲ. ಅಲ್ಲಿ ಅವಳ ಉಸಿರೇ ಲಯ, ವಾದ್ಯದವರು ಅವಳನ್ನು ಹಿಂಬಾಲಿಸಬೇಕು.

ಇನ್ನು ಕ್ಯಾಮೆರಾ. ಸುದ್ದಿ, ಕ್ರೀಡೆಯ ನೇರಪ್ರಸಾರದಲ್ಲಿ ನಡೆದದ್ದನ್ನು ಕಣ್ಣು ಹಿಂಬಾಲಿಸುತ್ತದೆ. ಇಲ್ಲಿ ಹಾಗಲ್ಲ, ಪ್ರತಿ ಶಾಟೂ ಹಾಡಿನ ಇಂತಿಷ್ಟನೇ ಆವರ್ತದ ಇಂತಿಷ್ಟನೇ ಎಣಿಕೆಯಲ್ಲಿ ಬೀಳಬೇಕು. ನಾನು ಸ್ಕ್ರಿಪ್ಟನ್ನು ಸ್ವರಲಿಪಿಯ ಮೇಲೇ ಬರೆದೆ: ಎರಡನೇ ಚರಣದ ನಾಲ್ಕನೇ ಆವರ್ತ, ಮೂರನೇ ಕ್ಯಾಮೆರಾ, ಮಲತಾಯಿಯ ಮುಖ. ಕಂಟ್ರೋಲ್ ರೂಮಿನಲ್ಲಿ ಸಹಾಯಕಿ ಹಾಡಿನುದ್ದಕ್ಕೂ ಗಟ್ಟಿಯಾಗಿ ಎಣಿಸುತ್ತಾರೆ, ನಾನು ಕ್ಯಾಮೆರಾದವರಿಗೆ ಎಚ್ಚರಿಕೆ ಕೊಡುತ್ತೇನೆ, ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಚಿತ್ರ ಬದಲಿಸುವ ವಿಷನ್ ಮಿಕ್ಸರ್ ಮೇಲೆ ಕೈಯಿಟ್ಟವರು ಬಡಿತಕ್ಕೆ ಸರಿಯಾಗಿ ಒತ್ತುತ್ತಾರೆ. ಆ ಕೈಗೆ ಸಂಗೀತ ಗೊತ್ತಿರಲೇಬೇಕು ಎಂದು ಹಟ ಹಿಡಿದು ತಬಲಾ ಕಲಿತವರೊಬ್ಬರನ್ನು ಕೂರಿಸಿಕೊಂಡೆ. ನಾನು ‘ಟೇಕ್’ ಎಂದು ಬಾಯಿಬಿಡುವ ಮೊದಲೇ ಅವರ ಬೆರಳು ಸಮಕ್ಕೆ, ಅಂದರೆ ಆವರ್ತದ ಮೊದಲ ಬಡಿತಕ್ಕೆ, ಬಂದಿರುತ್ತಿತ್ತು.

ಈಗ ಆ ರೂಪಾಂತರಕ್ಕೆ ಬರುತ್ತೇನೆ. ಗೌನಿನ ಘೇರನ್ನು ಮಡಿಸಿ ಚಿಂದಿ ಲಂಗದ ಒಳಗೇ ಕಟ್ಟಿಟ್ಟಿದ್ದೆವು. ಚಿಂದಿಯ ಹೊರ ಹೊದಿಕೆ ಬೆನ್ನ ಉದ್ದಕ್ಕೂ ಒಂದೇ ಒಂದು ನೈಲಾನ್ ದಾರದ ಮೇಲೆ ನಿಂತಿತ್ತು. ದಾರ ಎಳೆದರೆ ಎಲ್ಲವೂ ಬಿಚ್ಚಿಕೊಂಡು ಒಳಗಿನದು ಕೆಳಗಿಳಿಯಬೇಕು. ವೆಲ್ಕ್ರೋ ಬೇಡವೆಂದೆ. ಬಿಡಿಸುವಾಗ ಚರ್ರೆನ್ನುವ ಅದರ ಸದ್ದನ್ನು ಮೈಕು ಎತ್ತಿಕೊಳ್ಳುತ್ತದೆ. ಜಿಪ್ಪೂ ಬೇಡ, ಬಟ್ಟೆ ಸಿಕ್ಕಿಕೊಂಡರೆ ಮುಗಿಯಿತು. ದಾರವನ್ನು ನರ್ತಕಿಯೊಬ್ಬರು ಎಳೆಯಲಿ ಎಂಬುದು ನನ್ನ ಲೆಕ್ಕ. ವಸ್ತ್ರವಿನ್ಯಾಸ ನೋಡಿಕೊಳ್ಳುತ್ತಿದ್ದ ಹಿರಿಯರು ಒಪ್ಪಲಿಲ್ಲ. “ಹೊಲಿದದ್ದು ನಾನು, ದಾರಾನೂ ನಾನೇ ಎಳೀತೀನಿ, ನನ್ನನ್ನೇ ವೇದಿಕೆಗೆ ಹತ್ತಿಸಿ ಸರ್” ಅಂದರು. ಅವರಿಗೂ ಕಿನ್ನರಿಯ ಸಖಿಯ ವೇಷ ಹಾಕಿ, ನಾಲ್ಕು ಹೆಜ್ಜೆ ಕಲಿಸಿದೆವು. ನಾಯಕಿ ಹಾಡುತ್ತ ಒಂದು ಸುತ್ತು ತಿರುಗುತ್ತಾಳೆ, ಕೈಯಲ್ಲಿ ಹಿಡಿದು ನಡೆಯುವ ಕ್ಯಾಮೆರಾ ಅವಳು ತಿರುಗುವ ದಿಕ್ಕಿಗೇ ಅವಳ ಸುತ್ತ ಸುತ್ತುತ್ತದೆ, ಅವಳ ಬೆನ್ನು ಲೆನ್ಸಿನಿಂದ ಮರೆಯಾದ ಎಣಿಕೆಗೆ ಸರಿಯಾಗಿ ಅವರು ದಾರ ಎಳೆಯುತ್ತಾರೆ. ಮುಖ ಮಾತ್ರ ಒಂದು ಕ್ಷಣವೂ ಚೌಕಟ್ಟಿನಿಂದ ಹೊರಹೋಗಕೂಡದು; ಅದು ಅವಳೇ ಎಂದು ಮಗುವಿಗೆ ಖಾತ್ರಿಯಾಗುವುದು ಮುಖದಿಂದ.

ತಲೆವಸ್ತ್ರ ಜಾರಿ ಕಿರೀಟ ಬರುವುದರಿಂದ ಮೈಕನ್ನು ಕೂದಲಿಗೇ ಹಣೆಯಂಚಿನಲ್ಲಿ ಸಿಕ್ಕಿಸಿದೆವು. ಒಂದು ಕೆಟ್ಟರೆ ಇರಲೆಂದು ಎರಡು.

ನಡುರಾತ್ರಿ ಗೌನು ಮತ್ತೆ ಚಿಂದಿಯಾಗುವುದನ್ನು ಮಾತ್ರ ಕತ್ತರಿಸಿಯೇ ತೋರಿಸಿದೆ. ಅಲ್ಲಿ ಕಥೆಗೇ ಅವಳು ಕಣ್ಮರೆಯಾಗುವುದು ಬೇಕು. ದೂರದ ಶಾಟಿನಲ್ಲಿ ಮೆಟ್ಟಿಲಿಳಿದು ಓಡಿದ್ದು ಗೌನು ತೊಟ್ಟ ಇನ್ನೊಬ್ಬಳು. ನಾಯಕಿ ಆ ಹೊತ್ತಿಗೆ ಮೆಟ್ಟಿಲ ಹಿಂದೆ ಬಟ್ಟೆ ಬದಲಿಸುತ್ತಿದ್ದಳು. ಹನ್ನೆರಡು ಗಂಟೆ ಬಡಿತಗಳನ್ನು ಹಾಡಿನ ಆವರ್ತಕ್ಕೊಂದರಂತೆ ಹಂಚಿದ್ದರಿಂದ ಆ ಬದಲಾವಣೆಗೆ ಎಷ್ಟು ಕಾಲ ಸಿಗುತ್ತದೆಂಬುದು ತಾಲೀಮಿನ ಮೊದಲ ದಿನದಿಂದಲೇ ಎಲ್ಲರಿಗೂ ಗೊತ್ತಿತ್ತು. ಚಪ್ಪಲಿಯೂ ಎರಡು ಬಗೆ: ಪಾರದರ್ಶಕವಾದದ್ದು ಮೆಟ್ಟಿಲ ಮೇಲೆ ಬಿಡಲಿಕ್ಕೆ, ಚರ್ಮದ ಅಟ್ಟೆಯದು ಕುಣಿಯಲಿಕ್ಕೆ.

ಪ್ರೇಕ್ಷಕರ ವಿಚಾರದಲ್ಲಿ ನನ್ನ ಅಭಿಪ್ರಾಯ ಗಟ್ಟಿ. 2014ರ ಡಿಸೆಂಬರಿನಲ್ಲಿ ಅಮೆರಿಕದ ಎನ್‌ಬಿಸಿ ಚಾನೆಲ್ ನೇರವಾಗಿ ಕೊಟ್ಟ ಪೀಟರ್ ಪ್ಯಾನ್ ನಾಟಕಕ್ಕೆ ಸ್ಟುಡಿಯೋದಲ್ಲಿ ಪ್ರೇಕ್ಷಕರಿರಲಿಲ್ಲ. ಅಷ್ಟು ಹುರುಪಿನ ಹಾಡು ಮುಗಿದ ಮೇಲೆ ಚಪ್ಪಾಳೆ ಬೀಳಬೇಕಾದ ಜಾಗ ಖಾಲಿ. ಸಂಗೀತ ನಾಟಕ ಬರೆಯುವವರು ಚಪ್ಪಾಳೆಗೆಂದೇ ಜಾಗ ಬಿಟ್ಟಿರುತ್ತಾರೆ, ನಟರು ಆ ಹೊತ್ತಿನಲ್ಲೇ ಉಸಿರು ಎಳೆದುಕೊಳ್ಳುತ್ತಾರೆ. ನಾವು ಸೆಟ್ಟಿನ ಎರಡು ಬದಿಗೂ ಮಕ್ಕಳನ್ನು ಕೂರಿಸಿದೆವು. ಚಪ್ಪಾಳೆ ತಟ್ಟಿ ಎಂದು ಯಾರೂ ಸನ್ನೆ ಮಾಡಕೂಡದೆಂದು ಫ್ಲೋರ್ ಮ್ಯಾನೇಜರಿಗೆ ಹೇಳಿದ್ದೆ. ಗೌನು ಇಳಿದಾಗ ಅವರು ಚಪ್ಪಾಳೆ ತಟ್ಟಲಿಲ್ಲ, ಕಿರುಚಿದರು! ಪಕ್ಕವಾದ್ಯದ ಕೋಣೆಯವರೆಗೂ ಕೇಳಿಸಿತು.

ಅನಾಹುತಕ್ಕೂ ಸಿದ್ಧತೆ ಬೇಕು. 2019ರ ಜನವರಿಯಲ್ಲಿ ಅಮೆರಿಕದ ಒಂದು ನೇರ ಸಂಗೀತ ನಾಟಕದಲ್ಲಿ ನಟರೊಬ್ಬರು ಹಿಂದಿನ ದಿನದ ತಾಲೀಮಿನಲ್ಲಿ ಕಾಲು ಮುರಿದುಕೊಂಡರು. ಬಹುಪಾಲು ಆ ತಾಲೀಮಿನ ಮುದ್ರಿಕೆಯೇ ಪ್ರಸಾರವಾಯಿತು. ಹಾಗಾಗಿ ಕೊನೆಯ ತಾಲೀಮನ್ನು ಪೂರ್ತಿ ವೇಷದಲ್ಲಿ ಮುದ್ರಿಸಿ, ಏನಾದರೂ ಕೆಟ್ಟರೆ ತಕ್ಷಣ ಅದಕ್ಕೆ ಹಾರಲೆಂದು ಪ್ರಸಾರದುದ್ದಕ್ಕೂ ಪಕ್ಕದಲ್ಲೇ ಓಡಿಸುತ್ತಿದ್ದೆವು. ಪ್ರತಿ ಜಾಹೀರಾತಿನ ವಿರಾಮದಲ್ಲೂ ಅದನ್ನು ನೇರ ನಾಟಕದ ಹೊತ್ತಿಗೆ ಮತ್ತೆ ಸರಿದೂಗಿಸುವುದು ಒಬ್ಬರ ಪೂರ್ತಿ ಕೆಲಸ.

ಮುಗಿಸುವ ಸಮಯ ಚಾನೆಲ್ಲಿನದು, ನಮ್ಮದಲ್ಲ. ಅದಕ್ಕೇ ಕೊನೆಯ ಹಾಡಿಗೆ ಎರಡು ಮುಕ್ತಾಯ ಬರೆಸಿದ್ದೆ: ಪಲ್ಲವಿ ಒಮ್ಮೆ ಹಾಡಿ ನಿಲ್ಲಿಸುವುದೊಂದು, ಇಡೀ ತಂಡ ಬಂದು ಮತ್ತೆರಡು ಸಲ ಹಾಡುವುದೊಂದು. ಯಾವುದೆಂಬುದನ್ನು ಅರಮನೆಯ ಬಾಗಿಲು ತೆರೆಯುವ ಹೊತ್ತಿಗೆ ನಾನು ಎಲ್ಲರ ಕಿವಿಗೆ ಹೇಳಬೇಕು. ಅವತ್ತು ಸಮಯ ಕೈಯಲ್ಲಿತ್ತು. ದೊಡ್ಡದನ್ನೇ ಹಾಡಿ ಎಂದೆ.