ಹಳೆಯ ಪ್ರೊಸೆಸರ್‌ನಲ್ಲೇ ಆಟದ ಜರ್ಕ್ ಕಡಿಮೆ ಮಾಡಿದ್ದು

ನನ್ನ ಕಂಪ್ಯೂಟರ್‌ನಲ್ಲಿರುವುದು ಎಎಂಡಿ ರೈಜನ್ 5 1600. 2017ರ ಪ್ರೊಸೆಸರ್, ಆರು ಕೋರ್ (ಲೆಕ್ಕ ಮಾಡುವ ಘಟಕ), ಹನ್ನೆರಡು ಥ್ರೆಡ್ (ಒಟ್ಟಿಗೆ ನಡೆಯಬಲ್ಲ ಕೆಲಸದ ಸಾಲು). ಹಳೆಯ ಗ್ರಾಫಿಕ್ಸ್ ಕಾರ್ಡ್ ತೆಗೆದು ಆರ್‌ಎಕ್ಸ್ 6600 ಹಾಕಿದ ದಿನವೇ ಸೈಬರ್‌ಪಂಕ್ 2077 ತೆರೆದು, ಜನ ಕಿಕ್ಕಿರಿದ ಮಾರುಕಟ್ಟೆಯೊಳಗೆ ನಡೆದೆ. ಹಳೆಯ ಕಾರ್ಡಿನಲ್ಲಿ ಎಲ್ಲೆಲ್ಲಿ ಆಟ ತಡವರಿಸುತ್ತಿತ್ತೋ, ಹೊಸದರಲ್ಲೂ ಅಲ್ಲೇ ತಡವರಿಸಿತು. ಅಷ್ಟು ದುಡ್ಡು ಸುರಿದದ್ದು ನೆನೆದು ಹೊಟ್ಟೆ ಉರಿಯಿತು.

ಆಗಲೇ ಅಳೆಯಲು ಕೂತೆ. ರಿವಾಟ್ಯೂನರ್ ಎಂಬ ಅಳೆಯುವ ಸಾಫ್ಟ್‌ವೇರ್ ಹಾಕಿ ಫ್ರೇಮ್ ಟೈಮ್ ಗ್ರಾಫನ್ನು, ಅಂದರೆ ಪರದೆಯ ಒಂದೊಂದು ಚಿತ್ರ ತಯಾರಾಗಲು ಹಿಡಿಯುವ ಸಮಯದ ಗ್ರಾಫನ್ನು, ಪರದೆಯ ಮೂಲೆಯಲ್ಲಿ ಇಟ್ಟುಕೊಂಡೆ. ಸೆಕೆಂಡಿಗೆ ಸರಾಸರಿ 56 ಫ್ರೇಮ್ ಬರುತ್ತಿತ್ತು, ಕೇಳಿದರೆ ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ಆದರೆ ತೀರಾ ನಿಧಾನವಾದ ಶೇ. 1ರಷ್ಟು ಫ್ರೇಮ್‌ಗಳನ್ನು ಮಾತ್ರ ಲೆಕ್ಕ ಹಾಕಿದರೆ 31ಕ್ಕೆ ಇಳಿಯುತ್ತಿತ್ತು. 60 ಫ್ರೇಮ್ ಬೇಕೆಂದರೆ ಪ್ರತಿ ಫ್ರೇಮ್ 16.7 ಮಿಲಿಸೆಕೆಂಡಿನೊಳಗೆ ತಯಾರಾಗಬೇಕು. ನನ್ನ ಗ್ರಾಫಿನಲ್ಲಿ ಸಾಲುಸಾಲು ಮುಳ್ಳು, ಒಂದೊಂದೂ 40 ಮಿಲಿಸೆಕೆಂಡಿನ ಹತ್ತಿರ. ಕಣ್ಣಿಗೆ ಚುಚ್ಚುತ್ತಿದ್ದದ್ದು ಆ ಮುಳ್ಳುಗಳೇ. ಸರಾಸರಿಯನ್ನು ನೋಡಿ ತೃಪ್ತಿಪಡಬೇಡಿ ಎಂದು ಅಂದಿನಿಂದ ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ.

ತಪ್ಪು ಯಾರದೆಂದು ತಿಳಿಯಲು ರೆಸಲ್ಯೂಷನ್ನನ್ನು 1080ರಿಂದ 720ಕ್ಕೆ ಇಳಿಸಿದೆ. ಫ್ರೇಮ್ ಒಂದಿಷ್ಟೂ ಏರಲಿಲ್ಲ. ಗ್ರಾಫಿಕ್ಸ್ ಕಾರ್ಡ್ ಅರ್ಧ ಹೊತ್ತು ಕೈಕಟ್ಟಿ ಕೂತಿತ್ತು ಎಂದು ಇದರಿಂದ ಖಚಿತವಾಯಿತು. ಎಫ್‌ಎಸ್‌ಆರ್ (ಕಡಿಮೆ ರೆಸಲ್ಯೂಷನ್ನಿನ ಚಿತ್ರವನ್ನು ಹಿಗ್ಗಿಸುವ ಎಎಂಡಿಯ ತಂತ್ರ) ಹಾಕಿದರೂ ಉಪಯೋಗವಾಗದಿದ್ದದ್ದು ಇದೇ ಕಾರಣಕ್ಕೆ. ಅದು ಇಳಿಸುವುದು ಕಾರ್ಡಿನ ಹೊರೆಯನ್ನು. ಟಾಸ್ಕ್ ಮ್ಯಾನೇಜರ್ ಮಾತ್ರ ಪ್ರೊಸೆಸರ್ ಬಳಕೆ ಶೇ. 60 ಎಂದು ತೋರಿಸುತ್ತಿತ್ತು. ಆ ಅಂಕಿ ಹನ್ನೆರಡು ಥ್ರೆಡ್‌ಗಳ ಸರಾಸರಿ. ಒಂದೊಂದನ್ನೇ ಬಿಡಿಸಿ ನೋಡಿದಾಗ ಎರಡು ಥ್ರೆಡ್ ಉಸಿರುಗಟ್ಟುವಷ್ಟು ದುಡಿಯುತ್ತಿದ್ದವು, ಉಳಿದವು ಆರಾಮವಾಗಿದ್ದವು.

ಅತಿ ಹೆಚ್ಚು ಲಾಭ ಸಿಕ್ಕಿದ್ದು ರ‍್ಯಾಮ್‌ನಿಂದ. ಮೊದಲ ತಲೆಮಾರಿನ ರೈಜನ್‌ನಲ್ಲಿ ಆರು ಕೋರ್‌ಗಳು ಮೂರು ಮೂರರ ಎರಡು ಗುಂಪಾಗಿವೆ. ಒಂದು ಗುಂಪಿನಿಂದ ಇನ್ನೊಂದಕ್ಕೆ ಡೇಟಾ ಹೋಗಬೇಕೆಂದರೆ ಇನ್ಫಿನಿಟಿ ಫ್ಯಾಬ್ರಿಕ್ ಎಂಬ ದಾರಿ ಹಿಡಿಯಬೇಕು. ಆ ದಾರಿಯ ವೇಗ ರ‍್ಯಾಮ್‌ನ ವೇಗಕ್ಕೇ ಕಟ್ಟಿಕೊಂಡಿದೆ. ನನ್ನದು 3200 ವೇಗದ ಡಿಡಿಆರ್4 ರ‍್ಯಾಮ್ ಕಿಟ್. ಬಯೋಸ್‌ಗೆ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳ ಪುಟ) ಹೋಗಿ ನೋಡಿದರೆ 2133ರಲ್ಲಿ ಓಡುತ್ತಿದೆ! ಕೊಂಡ ದಿನದಿಂದ ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ತರುವ ಆಯ್ಕೆ) ಆನ್ ಮಾಡಿರಲೇ ಇಲ್ಲ. ಅಂದರೆ ಫ್ಯಾಬ್ರಿಕ್ ಅದರ ಅರ್ಧ, ಬರೀ 1066 ಮೆಗಾಹರ್ಟ್ಸ್‌ನಲ್ಲಿ ತೆವಳುತ್ತಿತ್ತು. ಸಾಲದ್ದಕ್ಕೆ ಎರಡೂ ಸ್ಟಿಕ್‌ಗಳನ್ನು ಅಕ್ಕಪಕ್ಕದ ಸ್ಲಾಟಿಗೆ ಹಾಕಿದ್ದೆ, ಹಾಗಾಗಿ ಸಿಂಗಲ್ ಚಾನೆಲ್, ಅಂದರೆ ಡೇಟಾಕ್ಕೆ ಎರಡರ ಬದಲು ಒಂದೇ ದಾರಿ. ಒಂದನ್ನು ಕಿತ್ತು, ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಕೂರಿಸಿದೆ. ಸಿಪಿಯು-ಝಡ್‌ನಲ್ಲಿ (ಪ್ರೊಸೆಸರ್, ರ‍್ಯಾಮ್‌ಗಳ ವಿವರ ತೋರಿಸುವ ಸಾಫ್ಟ್‌ವೇರ್) ಡ್ಯುಯಲ್ ಎಂದು ಕಂಡಾಗ ಆದ ಖುಷಿ ಈಗಲೂ ನೆನಪಿದೆ.

ಎಕ್ಸ್‌ಎಂಪಿ ಆನ್ ಮಾಡಿದೆ, ಆದರೆ 3200 ಸ್ಥಿರವಾಗಿ ನಿಲ್ಲಲಿಲ್ಲ. ಆಟ ಅರ್ಧ ಗಂಟೆಗೊಮ್ಮೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಒಂದು ಸೇವ್ ಫೈಲೂ ಹಾಳಾಯಿತು. 2933ಕ್ಕೆ ಇಳಿಸಿ, ಇಡೀ ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿದೆ. ಬೆಳಗ್ಗೆ ಒಂದೂ ಎರರ್ ಇರಲಿಲ್ಲ. ಈ ಪರೀಕ್ಷೆ ಮಾಡದೆ ರ‍್ಯಾಮ್ ವೇಗ ಏರಿಸಬೇಡಿ. ಆಟ ಬಿದ್ದರೆ ಮತ್ತೆ ತೆರೆಯಬಹುದು, ಹಾಳಾದ ಫೈಲ್ ಮರಳಿ ಬರುವುದಿಲ್ಲ. ಮತ್ತೆ ಅದೇ ಮಾರುಕಟ್ಟೆಯಲ್ಲಿ ನಡೆದಾಗ ಸರಾಸರಿ 66, ನಿಧಾನವಾದ ಶೇ. 1ರ ಕೆಳಗಿನ ಅಂಕಿ 44. ಹೊಸ ಭಾಗ ಒಂದನ್ನೂ ಕೊಳ್ಳದೆ ಬಂದದ್ದು ಅದು.

ಆಮೇಲೆ ಥರ್ಮಲ್ ಪೇಸ್ಟ್, ಪ್ರೊಸೆಸರ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಲೇಪ. ಇಲ್ಲಿ ದೊಡ್ಡ ಎಡವಟ್ಟು ಮಾಡಿಕೊಂಡೆ. ಕಂಪ್ಯೂಟರ್ ತಣ್ಣಗಿದ್ದಾಗಲೇ ಕೂಲರ್‌ನ ನಾಲ್ಕೂ ಸ್ಕ್ರೂ ಬಿಚ್ಚಿ ನೇರವಾಗಿ ಮೇಲಕ್ಕೆ ಎಳೆದೆ. ವರ್ಷಗಟ್ಟಲೆ ಒಣಗಿದ ಪೇಸ್ಟ್ ಗೋಂದಿನ ಹಾಗೆ ಹಿಡಿದಿತ್ತು. ಪ್ರೊಸೆಸರನ್ನು ಹಿಡಿದಿಡುವ ಲಿವರ್ ಹಾಕಿದ್ದಂತೆಯೇ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತು ಕೂಲರ್ ಜೊತೆಗೇ ಮೇಲೆ ಬಂತು. ಎಎಂ4 (ಈ ಸಾಕೆಟ್ಟಿನ ಹೆಸರು) ಪ್ರೊಸೆಸರ್‌ನ ಅಡಿಯಲ್ಲಿ 1331 ಪಿನ್‌ಗಳಿವೆ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಮೂಲೆಯಲ್ಲಿ ಎರಡು ಬಾಗಿದ್ದವು. ಲೀಡ್ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್‌ನ ತೂತಿನೊಳಗೆ ಪಿನ್ ಸೇರಿಸಿ, ಕೂದಲೆಳೆಯಷ್ಟೇ ಒತ್ತುತ್ತಾ ಸಾಲಿಗೆ ತಂದೆ. ಕೈ ನಡುಗಿದಾಗಲೆಲ್ಲ ನಿಲ್ಲಿಸಿದೆ. ಮತ್ತೆ ಸಾಕೆಟ್ಟಿಗೆ ಇಟ್ಟಾಗ ತನ್ನ ಭಾರಕ್ಕೆ ತಾನೇ ಇಳಿದು ಕೂತಿತು, ಒತ್ತಬೇಕಾಗಲಿಲ್ಲ. ಹತ್ತು ನಿಮಿಷ ಆಟ ಆಡಿ ಬಿಸಿ ಮಾಡಿ, ಸ್ವಿಚ್ ಆಫ್ ಮಾಡಿ, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ ಬಿಡಿಸಿದ್ದರೆ ಇದಾವುದೂ ಆಗುತ್ತಿರಲಿಲ್ಲ. ಹೊಸ ಪೇಸ್ಟ್ ಹಾಕಿದ ಮೇಲೆ ಉಷ್ಣಾಂಶ 84ರಿಂದ 71 ಡಿಗ್ರಿಗೆ ಇಳಿಯಿತು.

ಬಿಸಿ ಅಷ್ಟು ಇಳಿದಿದ್ದರಿಂದ ಪ್ರೊಸೆಸರನ್ನು ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವ ಓವರ್‌ಕ್ಲಾಕ್ ಮಾಡಿದೆ. 1.35 ವೋಲ್ಟ್ ದಾಟಬಾರದು ಎಂದು ನಿಶ್ಚಯಿಸಿಕೊಂಡಿದ್ದೆ. 4.0 ಗಿಗಾಹರ್ಟ್ಸ್ ಹಿಡಿಯಲಿಲ್ಲ, 3.8 ನಿಂತಿತು. ಸಿಕ್ಕಿದ್ದು ಮೂರೋ ನಾಲ್ಕೋ ಫ್ರೇಮ್. ಎಲ್ಲರೂ ಮೊದಲು ಇದಕ್ಕೇ ಕೈಹಾಕುತ್ತಾರೆ. ನನ್ನ ಮಟ್ಟಿಗೆ ಇದು ಕೊನೆಯ ಕೆಲಸ.

ಆಟದ ಸೆಟ್ಟಿಂಗ್‌ಗಳಲ್ಲಿ ಟೆಕ್ಸ್‌ಚರ್ (ವಸ್ತುಗಳ ಮೇಲ್ಮೈ ಚಿತ್ರ) ಇಳಿಸಿದರೆ ಪ್ರೊಸೆಸರ್‌ಗೆ ಉಪಯೋಗವಿಲ್ಲ, ಅದನ್ನು ಹೈನಲ್ಲೇ ಬಿಟ್ಟೆ. ಪ್ರೊಸೆಸರ್ ಹೊರುವುದು ಜನಸಂದಣಿ, ದೂರದ ವಸ್ತುಗಳು, ನೆರಳು ಮತ್ತು ಫಿಸಿಕ್ಸ್‌ನ ಭಾರ. ಸೈಬರ್‌ಪಂಕ್‌ನಲ್ಲಿ ಕ್ರೌಡ್ ಡೆನ್ಸಿಟಿ ಎಂದೇ ಒಂದು ಆಯ್ಕೆ ಇದೆ. ಅದನ್ನು ಹೈನಿಂದ ಮೀಡಿಯಂಗೆ ತಂದದ್ದೊಂದರಿಂದಲೇ ಕೆಳಗಿನ ಅಂಕಿ 53ಕ್ಕೆ ಏರಿತು. ಬೀದಿಯಲ್ಲಿ ಜನ ಸ್ವಲ್ಪ ಕಡಿಮೆಯಾದದ್ದು ಎರಡು ದಿನದಲ್ಲಿ ಅಭ್ಯಾಸವಾಯಿತು. ರೇ ಟ್ರೇಸಿಂಗ್ (ಬೆಳಕಿನ ಕಿರಣಗಳನ್ನು ಲೆಕ್ಕ ಹಾಕಿ ಚಿತ್ರಿಸುವ ವಿಧಾನ) ಪೂರ್ತಿ ಆಫ್ ಮಾಡಿದೆ, ಅದು ಕಾರ್ಡಿನ ಜೊತೆಗೆ ಪ್ರೊಸೆಸರನ್ನೂ ಹಿಂಡುತ್ತದೆ.

ಕೊನೆಗೆ ರಿವಾಟ್ಯೂನರ್‌ನಲ್ಲೇ 60ಕ್ಕೆ ಮಿತಿ ಹಾಕಿದೆ. ಒಮ್ಮೆ 80, ಮರುಕ್ಷಣ 50 ಎಂದು ಜಿಗಿಯುವುದಕ್ಕಿಂತ ಸಮನಾಗಿ ಓಡುವ 60 ಕಣ್ಣಿಗೆ ಎಷ್ಟೋ ಹಿತ. ಬ್ರೌಸರ್, ಬೇರೆ ಬೇರೆ ಗೇಮ್ ಲಾಂಚರ್‌ಗಳು, ಕೀಬೋರ್ಡಿನ ದೀಪ ಬದಲಿಸುವ ಸಾಫ್ಟ್‌ವೇರ್ ಎಲ್ಲವನ್ನೂ ಆಟಕ್ಕೆ ಮೊದಲು ಮುಚ್ಚುತ್ತೇನೆ. ವಿಂಡೋಸ್‌ನ ಮೆಮೊರಿ ಇಂಟೆಗ್ರಿಟಿ (ಕೇಡಿನ ಕೋಡನ್ನು ತಡೆಯುವ ರಕ್ಷಣೆ) ಆಫ್ ಮಾಡಿದರೆ ಇಂಥ ಹಳೆಯ ಪ್ರೊಸೆಸರ್‌ನಲ್ಲಿ ಇನ್ನಷ್ಟು ವೇಗ ಸಿಗುತ್ತದೆ, ನಿಜ. ಆದರೆ ನನ್ನ ಬ್ಯಾಂಕ್ ಕೆಲಸವೂ ಇದೇ ಕಂಪ್ಯೂಟರ್‌ನಲ್ಲಿ ನಡೆಯುತ್ತದೆ. ಕೆಲವು ಫ್ರೇಮ್‌ಗಾಗಿ ಆ ರಕ್ಷಣೆ ತೆಗೆಯಲು ಮನಸ್ಸು ಬರಲಿಲ್ಲ, ಆನ್ ಇದೆ.

ಈಗ ಉಳಿದಿರುವುದು ಒಂದೇ ಜರ್ಕ್: ಕಾರಿನಲ್ಲಿ ಪೂರ್ತಿ ವೇಗದಲ್ಲಿ ಊರಿನ ಒಂದು ಭಾಗದಿಂದ ಇನ್ನೊಂದಕ್ಕೆ ನುಗ್ಗಿದಾಗ ಗ್ರಾಫಿನಲ್ಲಿ 30 ಮಿಲಿಸೆಕೆಂಡ್ ದಾಟುವ ಒಂದೆರಡು ಮುಳ್ಳು. ಏನು ಮಾಡಿದರೂ ಅದು ಹೋಗಲಿಲ್ಲ. ಇದೇ ಮದರ್‌ಬೋರ್ಡಿಗೆ ಬಯೋಸ್ ಅಪ್‌ಡೇಟ್ ಮಾಡಿ 2022ರ 5800ಎಕ್ಸ್3ಡಿ ಪ್ರೊಸೆಸರ್ ಹಾಕಬಹುದು, ಅದರ 96 ಎಂಬಿ ಎಲ್3 ಕ್ಯಾಷ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಇಂಥ ಕಡೆಗೇ ಸಹಾಯಕ್ಕೆ ಬರುವುದು. ಮಾರುಕಟ್ಟೆಯಲ್ಲಿ ಆಟ ಸರಾಗವಾಗಿ ನಡೆಯುತ್ತಿರುವಾಗ ಸದ್ಯ ಅದಕ್ಕೆ ದುಡ್ಡು ತೆಗೆದಿಟ್ಟಿಲ್ಲ.